ರಾಜ್ಯಪಾಲರಿಗೊಂದು ಹಿಂಬರಹ

ನಮ್ಮ ರಾಜ್ಯದಲ್ಲಿ ಪಾರದರ್ಶಕತೆಗೆ ವಿರೋಧಿಗಳೇ ಇಲ್ಲ. ರಾಜಭವನ ಪಾರದರ್ಶಕವಾಗಿರಬೇಕು ಎಂದು ವಿಧಾನಸೌಧಕ್ಕೆ ಆಸೆ; ವಿಧಾನಸೌಧ ಪಾರದರ್ಶಕವಾಗಿರಬೇಕು ಎಂದು ರಾಜಭವನಕ್ಕೆ ಆಸೆ. ಸ್ವಂತ ಬೀರುವಿನ ಬೀಗದಕೈ ಕೇಳಿದಾಗ ಮಾತ್ರ ಇಬ್ಬರಿಗೂ ಸಂವಿಧಾನ ನೆನಪಾಗುತ್ತದೆ.

2024ರ ಮಳೆಗಾಲದ ಆಟವನ್ನೇ ನೋಡಿ. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನ ಪ್ರಕರಣದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ವಿರುದ್ಧ ಕ್ರಮಕ್ಕೆ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಆಗಸ್ಟ್‌ನಲ್ಲಿ ಅನುಮತಿ ಕೊಟ್ಟರು. ಹಾಗಾದರೆ ವಿರೋಧ ಪಾಳಯದ ಕುಮಾರಸ್ವಾಮಿ, ಜನಾರ್ದನ ರೆಡ್ಡಿ ಅವರ ವಿರುದ್ಧ ಇಂಥದೇ ಅನುಮತಿ ಕೋರಿದ ಕಡತ ನಿಮ್ಮಲ್ಲಿ ಯಾಕೆ ಮಲಗಿದೆ ಎಂದು ಸಚಿವರು, ಶಾಸಕರು ‘ರಾಜಭವನ ಚಲೋ’ ಹೊರಟರು. ಅತ್ತ ರಾಜಭವನದಿಂದ ಪತ್ರದ ಮೇಲೆ ಪತ್ರ: ಇದರ ವಿವರ ಕೊಡಿ, ಅದರ ವರದಿ ಕಳಿಸಿ. ನಡುವೆ ಕಾಗದಪತ್ರ ಸೋರಿಕೆಯಾದದ್ದು ಹೇಗೆ ಎಂಬ ಇನ್ನೊಂದು ಜಗಳ. ನಮ್ಮಲ್ಲಿ ಸಕಾಲಕ್ಕೆ ಮಾಹಿತಿ ಸಿಗುವುದು ಸೋರಿಕೆಯಿಂದ ಮಾತ್ರ, ಅದಕ್ಕೂ ತನಿಖೆ!

ಸೆಪ್ಟೆಂಬರ್ 24ಕ್ಕೆ ಹೈಕೋರ್ಟ್, ಆ ಅನುಮತಿಯನ್ನು ಪ್ರಶ್ನಿಸಿದ್ದ ಮುಖ್ಯಮಂತ್ರಿಗಳ ಅರ್ಜಿ ವಜಾ ಮಾಡಿತು. 26ಕ್ಕೆ ಸಂಪುಟ ಸಭೆ ತೀರ್ಮಾನಿಸಿತು: ರಾಜ್ಯಪಾಲರು ಏನೇ ಮಾಹಿತಿ ಕೇಳಲಿ, ಅದು ಮೊದಲು ಸಂಪುಟದ ಮುಂದೆ ಬರಬೇಕು, ಆಮೇಲಷ್ಟೇ ಉತ್ತರ. ರಾಜ್ಯಪಾಲರು ಕೇಳಿದ ಮಾಹಿತಿ ಒದಗಿಸುವುದು ಮುಖ್ಯಮಂತ್ರಿಯ ಕರ್ತವ್ಯ ಎನ್ನುತ್ತದೆ 167ನೇ ವಿಧಿ. ಎಷ್ಟು ದಿನದೊಳಗೆ ಎಂದು ಹೇಳಿಲ್ಲ. ರಾಜ್ಯಪಾಲರು ಮಸೂದೆಗೆ ಅಂಕಿತ ಹಾಕುವ 200ನೇ ವಿಧಿಯಲ್ಲೂ ಇಂತಿಷ್ಟು ದಿನ ಎಂದಿಲ್ಲ. ಲೆಕ್ಕ ಚುಕ್ತಾ.

ಹೀಗಿರುವಾಗ ಘನತೆವೆತ್ತವರು ಪತ್ರ ವ್ಯವಹಾರ ಬಿಟ್ಟು, ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿ ಹಾಕುವ ನಮ್ಮ ದಾರಿಗೇ ಬರುವುದು ವಾಸಿ. ಪ್ರಧಾನ ಅಂಚೆ ಕಚೇರಿ ಜಿಪಿಒ ಹೇಗೂ ರಾಜಭವನದ ಪಕ್ಕದಲ್ಲೇ ಇದೆ. ರಾಜ್ಯಪಾಲರ ಅಂಗರಕ್ಷಕ ಅಧಿಕಾರಿ ಎಡಿಸಿ ಸಾಹೇಬರು ಸರದಿಯಲ್ಲಿ ನಿಂತು 10 ರೂಪಾಯಿಯ ಪೋಸ್ಟಲ್ ಆರ್ಡರ್ ತರಲಿ. ಮಾಹಿತಿ ಹಕ್ಕು ನಾಗರಿಕರಿಗೆ ಮಾತ್ರ ಇರುವುದರಿಂದ ಹುದ್ದೆಯ ಹೆಸರಲ್ಲಿ ಅರ್ಜಿ ಹಾಕುವಂತಿಲ್ಲ. ‘ಘನತೆವೆತ್ತ’ವನ್ನು ಹೊರಗೇ ಬಿಟ್ಟು ಬರಬೇಕು. ಬಿಟ್ಟರೆ ಲಾಭವೂ ಇದೆ, ಒಂದು ಪದ ಉಳಿಯುತ್ತದೆ. ಯಾಕೆಂದರೆ ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳ ಮಿತಿಯಲ್ಲಿ; 2008ರಲ್ಲಿ ಬಂದ ನಿಯಮ. ಕಾಯ್ದೆ ದೆಹಲಿಯದು, ಪದ ಎಣಿಸುವ ಗುಮಾಸ್ತ ನಮ್ಮವನು. ದೇವರು ಕೊಟ್ಟರೂ ಪೂಜಾರಿ ಕೊಡ.

ಒಂದೇ ಮುಜುಗರ. ಕೇಳುವುದರಲ್ಲಿ ಇಷ್ಟು ಚುರುಕಾದ ರಾಜಭವನಗಳು ಕೊಡುವ ಸರದಿ ಬಂದಾಗ ಏನು ಮಾಡುತ್ತವೆ? ನೆರೆಯ ಗೋವಾದಲ್ಲಿ ಆಗ ವಿರೋಧ ಪಕ್ಷದ ನಾಯಕರಾಗಿದ್ದ ಮನೋಹರ್ ಪರಿಕ್ಕರ್, 2007ರಲ್ಲಿ ರಾಜ್ಯಪಾಲರು ರಾಷ್ಟ್ರಪತಿಗೆ ಕಳಿಸಿದ ವರದಿ ಕೇಳಿದರು. ರಾಜ್ಯಪಾಲರು ಸಾರ್ವಭೌಮರು, ಆರ್‌ಟಿಐ ಹೇಳುವ ಸಾರ್ವಜನಿಕ ಪ್ರಾಧಿಕಾರವೇ ಅಲ್ಲ ಎಂದಿತು ರಾಜಭವನ. 2011ರಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಈ ವಾದ ಒಪ್ಪಲಿಲ್ಲ. ದೊರೆಗಳ ಕಾಲ ಮುಗಿದ ಸುದ್ದಿ ರಾಜಭವನದ ಟಪಾಲಿಗೆ ಸ್ವಲ್ಪ ತಡವಾಗಿ ತಲುಪಿತು, ಅಷ್ಟೆ.

ನಮ್ಮ ಅರ್ಜಿದಾರರಿಗೆ 29ನೇ ದಿನ ಸಂಜೆ ಹಿಂಬರಹ ಬರುತ್ತದೆ: “ತಾವು ಕೋರಿರುವ ಮಾಹಿತಿಯು ಸಂಪುಟದ ಪರಿಶೀಲನೆಯಲ್ಲಿರುವುದರಿಂದ ಒದಗಿಸಲು ಅವಕಾಶವಿರುವುದಿಲ್ಲ. ಬಾಧಿತರಾದಲ್ಲಿ ಮೇಲ್ಮನವಿ ಸಲ್ಲಿಸಬಹುದಾಗಿದೆ.” ಸಲ್ಲಿಸಲಿ. ಮೊದಲ ಮೇಲ್ಮನವಿಯಲ್ಲಿ ಇದೇ ಹಿಂಬರಹದ ಜೆರಾಕ್ಸ್ ಸಿಗುತ್ತದೆ. ಎರಡನೆಯದು ಮಾಹಿತಿ ಆಯೋಗಕ್ಕೆ. ಆಯುಕ್ತರನ್ನು ಮುಖ್ಯಮಂತ್ರಿ ಅಧ್ಯಕ್ಷತೆಯ ಸಮಿತಿ ಆರಿಸುತ್ತದೆ, ನೇಮಿಸುವವರು ರಾಜ್ಯಪಾಲರು. ತಾವೇ ಸಹಿ ಹಾಕಿ ನೇಮಿಸಿದವರ ಮುಂದೆ ಮೇಲ್ಮನವಿದಾರ ಕೈಕಟ್ಟಿ ನಿಂತಿರುವಾಗ ಬೆಂಚ್ ಕ್ಲರ್ಕ್ ಮೂರು ಸಲ ಕೂಗುತ್ತಾನೆ. ಮಾಹಿತಿ ಅಧಿಕಾರಿ ಗೈರು. ಚುನಾವಣಾ ಕರ್ತವ್ಯದ ಮೇಲೆ ಹೋಗಿದ್ದಾರಂತೆ. ಮುಂದಿನ ದಿನಾಂಕವನ್ನು ನೋಟಿಸ್ ಮೂಲಕ ತಿಳಿಸಲಾಗುವುದು.