ಜುಲೈನಲ್ಲಿ ಬೋಟಿಗೆ ಹೋದ ನಾಯಕ

ಪುಣೆಯ ಪುಸ್ತಕದಂಗಡಿಯೊಂದರಲ್ಲಿ ಗಂಡು-ಗಂಡಿನ ಪ್ರೇಮಕಾದಂಬರಿಗಳಿಗೆಂದೇ ಒಂದು ಕಪಾಟಿದೆ. ಒಂದರ ಬೆನ್ನುಪುಟದಲ್ಲಿ ‘ಗೋಕರ್ಣ’ ಎಂದು ಕಂಡದ್ದೇ ತಡ, ಬೆಲೆ ನೋಡದೆ ಎತ್ತಿಕೊಂಡೆ. ಕೌಂಟರಿನ ಹುಡುಗಿ ತಲೆಯೆತ್ತದೆ, “ಎರಡನೇ ಭಾಗವೂ ಬಂದಿದೆ, ಕೊಡಲಾ?” ಎಂದಳು. ನಮ್ಮ ಕುಮಟೆಯಲ್ಲಾಗಿದ್ದರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತಿತ್ತು.

ನಾಯಕ ಮೀನುಗಾರರ ಹುಡುಗ. ಜುಲೈನಲ್ಲಿ ಅಪ್ಪನ ಟ್ರಾಲ್ ಬೋಟಿನಲ್ಲಿ ಕಡಲಿಗೆ ಹೋಗುತ್ತಾನೆ. ರಾತ್ರಿ ಓಂ ಬೀಚಿನ ಮರಳಲ್ಲಿ ಗೆಳೆಯನ ಜೊತೆ ಮಲಗಿ ನಕ್ಷತ್ರ ಎಣಿಸುತ್ತಾನೆ. ಮಾರಾಯ್ರೇ, ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟುಗಳಿಗೆ ನಿಷೇಧ, ಎಲ್ಲ ದಕ್ಕೆಯಲ್ಲಿ ಕಟ್ಟಿರುತ್ತವೆ. ಆ ಮಳೆಯಲ್ಲಿ ನಕ್ಷತ್ರ ಹೋಗಲಿ, ಪಕ್ಕದವನ ಮುಖ ಕಂಡರೆ ಪುಣ್ಯ. ಅದರ ಮೇಲೆ ಇಬ್ಬರೂ ಪುಟಕ್ಕೆರಡು ಸಲ ‘ಪ್ರೀತಿಸುತ್ತೇನೆ’ ಅನ್ನುತ್ತಾರೆ. ನಮ್ಮ ಬದಿಯಲ್ಲಿ ಐವತ್ತು ವರ್ಷ ಸಂಸಾರ ಮಾಡಿದ ಗಂಡ-ಹೆಂಡತಿಯೂ ಆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಜೊತೆಗಿರುವವನ ಮುಂದೆ ಹಾರಾಡಿದೆ. ಅವನು ಮರಾಠಿಯವ, ಬೋಟಿನ ಸಂಗತಿ ಅವನಿಗೆ ಬೇಕಿಲ್ಲ. ಬೇರೊಂದು ಪುಟ ತೆಗೆದು ಕೊಟ್ಟ. ಅಲ್ಲಿ ಇಬ್ಬರೂ ಬಾಡಿಗೆ ಮನೆಗಾಗಿ ‘ಇವನು ನಮ್ಮ ಚಿಕ್ಕಮ್ಮನ ಮಗ’ ಎಂದು ಸುಳ್ಳು ಹೇಳಿ, ಆ ಚಿಕ್ಕಮ್ಮನ ಊರು ಯಾವುದೆಂದು ಹೇಳಿದ್ದೆವೋ ಮರೆತು ಬೆವರುತ್ತಾರೆ. “ಇದು ನಾವೇ ಅಲ್ವೇನೋ?” ಎಂದ. ಹೌದು. ನಾವೂ ಹಾಗೆಯೇ ಮನೆ ಹಿಡಿದವರು. ಕನ್ನಡದವನಿಗೆ ಮರಾಠಿ ಚಿಕ್ಕಮ್ಮ ಎಲ್ಲಿಂದ ಬಂದಳೆಂದು ಓನರ್ ಕೇಳಲಿಲ್ಲ, ಅಡ್ವಾನ್ಸ್ ಎಣಿಸಿಕೊಂಡರು.

ಊರಲ್ಲಿ ಇಂಥ ಸುಳ್ಳಿಗೂ ಜಾಗವಿಲ್ಲ. ಬೆಳತನಕ ಯಕ್ಷಗಾನದ ಆಟ ನೋಡಿ ದಮಯಂತಿಗೆ ಚಪ್ಪಾಳೆ ತಟ್ಟಿದವರೇ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಆ ಸ್ತ್ರೀವೇಷಧಾರಿ ಗಂಡಸಿನ ನಡಿಗೆಯನ್ನು ಅಣಕಿಸುತ್ತಿದ್ದರು. 2013ರಲ್ಲಿ ಗಂಡು-ಗಂಡಿನ ಪ್ರೀತಿಯ ಕತೆಗಳಿರುವ ವಸುಧೇಂದ್ರರ ‘ಮೋಹನಸ್ವಾಮಿ’ ಬಂದಾಗ ನಾನದನ್ನು ಓದಿದ್ದು ಕ್ಯಾಲೆಂಡರ್ ಹಾಳೆಯ ಬೈಂಡ್ ಹಾಕಿ, ಮೇಲೆ ‘ಲೆಕ್ಕಶಾಸ್ತ್ರ’ ಎಂದು ಬರೆದು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮನ್ನು ಮತ್ತೆ ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು ನಮ್ಮಂಥವರ ಪ್ರೀತಿ ಅಪರಾಧವಲ್ಲ ಎಂದಿತು. ಆ ಸಂಜೆ ಊರಿಗೆ ಫೋನು ಮಾಡಿದ್ದೆ. ಅಡಿಕೆಯ ಕೊಳೆರೋಗದ ಮಾತಾಯಿತು.

ಕಾದಂಬರಿಯ ನಾಯಕನ ತಾಯಿ ವಿಷಯ ತಿಳಿದ ಕೂಡಲೇ ಮಗನನ್ನು ತಬ್ಬಿಕೊಂಡು ಒಂದೂವರೆ ಪುಟ ಮಾತಾಡುತ್ತಾಳೆ. ಅದಂತೂ ಶುದ್ಧ ಸುಳ್ಳು. ನಮ್ಮ ಆಯಿ ಹೋದ ವಾರ ಫೋನಿನಲ್ಲಿ, “ಅವಂಗೆ ಜ್ವರ ಬಿಡ್ತಾ? ಗಂಜಿ ಮಾಡಿ ಹಾಕು” ಎಂದಳು. ಅವನು ಯಾರೆಂದು ನಾನು ಹೇಳಿಲ್ಲ, ಅವಳು ಕೇಳಿಲ್ಲ. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಆಯ್ತು, ಹಿಡಿದೆ. ಆದರೆ ಅವನಿಗೊಂದು ಹೆಸರಿದೆ, ಆಯಿಯ ಬಾಯಲ್ಲಿ ಅದಿನ್ನೂ ಬಂದಿಲ್ಲ.

ಎರಡನೇ ಭಾಗವನ್ನೂ ತಂದೆ. ಅದರ ಕತೆ ನವೆಂಬರಿನದ್ದಂತೆ, ಬೋಟಿನ ತಕರಾರಾದರೂ ಇರಲಿಕ್ಕಿಲ್ಲ.