ಆ ಗಿಟಾರ್ ಸ್ವಲ್ಪ ಕೆಳಗಿಡಪ್ಪಾ

ಇನ್ನೂ ತಲೆ ಬಿಸಿ ಇಳಿದಿಲ್ಲ.

ನಿನ್ನೆ ರಾತ್ರಿ ಐರ್ಲೆಂಡಿನ ಗಾಲ್ವೇ ಊರಿನ ಒಂದು ಪಬ್ಬಿಗೆ ಹೋಗಿದ್ದೆ. (ಹೌದು, ಹಾಡು ಕೇಳೋಕೇ. ನಗಬೇಡಿ.) ಫಿಡಲ್, ಕೊಳಲು, ಕಾನ್ಸರ್ಟಿನಾ ಜೋರಾಗಿ ನಡೆದಿತ್ತು. ಮಧ್ಯೆ ಯಾರೋ ಮೂಲೆಯಲ್ಲಿ ಕೂತಿದ್ದ ಪಕ್ಕದ ಕಾನೆಮಾರಾ ಸೀಮೆಯ ಅಜ್ಜನಿಗೆ 'ಅಬರ್ ಔರಾನ್' ಅಂದರು. ಐರಿಷ್‌ನಲ್ಲಿ 'ಹಾಡು ಹೇಳು' ಅಂತ. ಹಾಡನ್ನ ಹಾಡೋದಲ್ಲ, ಹೇಳೋದು. ಥೇಟ್ ನಮ್ಮ ಹಾಗೇ! ಇದು ಮೊದಲ ಸಲ ಗೊತ್ತಾದ ದಿನ ದಾರಿಯುದ್ದಕ್ಕೂ ಒಬ್ಬನೇ ನಗುತ್ತಾ ಮನೆಗೆ ಬಂದಿದ್ದೆ.

ಅಜ್ಜ ಕಣ್ಣು ಮುಚ್ಚಿದರು. ಪಕ್ಕದವರು ಅವರ ಕೈ ಹಿಡಿದುಕೊಂಡರು. ಎರಡನೇ ಸಾಲು ಬಂತು, ಟ್ರಿಂಗ್! ಎದುರಿದ್ದ ಹುಡುಗ ಗಿಟಾರ್‌ನಲ್ಲಿ 'ಸಪೋರ್ಟ್' ಕೊಡೋಕೆ ಶುರು ಮಾಡಿದ. ಅವನ ಹಿಂದೆ ಚಪ್ಪಾಳೆ.

ಅಲ್ಲಪ್ಪಾ, ಈ ಥರ ಹಾಡು ಹೇಳೋದರ ಹೆಸರೇ ಶಾನ್ ನೋಸ್, ಅಂದರೆ 'ಹಳೇ ರೀತಿ'. ಒಬ್ಬರೇ, ಪಕ್ಕವಾದ್ಯ ಇಲ್ಲದೆ. ತಾಳಕ್ಕೆ ಕಟ್ಟಿ ಹಾಕಿಲ್ಲ. ಮಾತು ಎಲ್ಲಿ ಎಳೆಯುತ್ತೋ ರಾಗವೂ ಅಲ್ಲಿಗೆ. ಉತ್ತರದ ಡೊನೆಗಾಲ್ ಕಡೆಯವರದು ಸ್ವಲ್ಪ ಸರಳ. ಕಾನೆಮಾರಾದವರು ಒಂದು ಅಕ್ಷರಕ್ಕೆ ನಾಲ್ಕೈದು ಸ್ವರ ಸುತ್ತುತ್ತಾರೆ, ಮುಂದಿನ ಚರಣದಲ್ಲಿ ಅದನ್ನೇ ಬೇರೆ ಥರ ಸುತ್ತುತ್ತಾರೆ. ನೀನು ಒಂದು ಎರಡು ಮೂರು ನಾಲ್ಕು ಅಂತ ಬಾರಿಸುತ್ತಾ ಕೂತರೆ ಅಜ್ಜ ಉಸಿರು ತಗೊಳ್ಳೋದು ಯಾವಾಗ? ನಿನ್ನ ಗಿಟಾರಿನ ಕಾರ್ಡ್ ಬದಲಾದಾಗಲಾ?

'ಕಾಲಕ್ಕೆ ತಕ್ಕ ಹಾಗೆ ಬದಲಾಗದಿದ್ದರೆ ಹುಡುಗರು ಕೇಳಲ್ಲ' ಅಂತ ಜೊತೆಗಿದ್ದ ಗೆಳೆಯನ ವಾದ. 1960ರ ದಶಕದಲ್ಲಿ ಸಂಗೀತ ಸಂಯೋಜಕ ಷಾನ್ ಓ ರಿಯಾಡಾ ಐರಿಷ್ ಹಾಡುಗಳಿಗೆ ವಾದ್ಯ ಸೇರಿಸಲಿಲ್ವಾ ಅಂತ ಬೇರೆ. ಸೇರಿಸಿದರು. ತಂಡ ಕಟ್ಟಿ, ಅಭ್ಯಾಸ ಮಾಡಿ ಸೇರಿಸಿದರು. ಹೇಳುತ್ತಿರೋರ ನಡುವೆ ಬಾಯಿ ಹಾಕಲಿಲ್ಲ. ಇನ್ನು ಕೇಳೋರಿಲ್ಲ ಅನ್ನೋ ಮಾತು. ಕಾನೆಮಾರಾದ ಕಾರ್ನಾ ಹಳ್ಳಿಯ ಶಾನ್ ನೋಸ್ ಹಾಡುಗಾರ ಜೋ ಹೀನಿ ನ್ಯೂಯಾರ್ಕ್‌ನಲ್ಲಿ ಅಪಾರ್ಟ್‌ಮೆಂಟಿನ ಬಾಗಿಲು ಕಾಯುತ್ತಿದ್ದವರು. ಬರೀ ಗಂಟಲು ನಂಬಿಕೊಂಡೇ ಕೊನೆಗೆ ಸಿಯಾಟಲ್‌ನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1982ರಲ್ಲಿ ಅಮೆರಿಕ ರಾಷ್ಟ್ರೀಯ ಗೌರವ ಕೊಟ್ಟಿತು. ಯಾರೂ ಗಿಟಾರ್ ಎಲ್ಲಿ ಅಂತ ಕೇಳಲಿಲ್ಲ.

ಅಜ್ಜ ಮೂರನೇ ಚರಣಕ್ಕೇ ನಿಲ್ಲಿಸಿಬಿಟ್ಟರು. ಕೊನೆಯ ತುಣುಕನ್ನು ಹಾಡದೆ, ಸುಮ್ನೆ ಮಾತಿನ ಹಾಗೆ ಹೇಳಿ ಮುಗಿಸುವ ರೂಢಿ ಇಲ್ಲಿದೆ. ನನಗೆ ಜೀವ ಅದರ ಮೇಲೆ. ಅದೂ ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ಸರಿ, ಒಪ್ಪಿಕೊಳ್ತೀನಿ, ಇಷ್ಟು ಸಿಟ್ಟಿಗೆ ಬೇರೆ ಕಾರಣವೂ ಇದೆ. ಅಕ್ಕನ ಮದುವೆಯಲ್ಲಿ ನಮ್ಮಜ್ಜಿ ಸೋಬಾನೆ ಪದ ಹೇಳುವಾಗ 'ಚೆನ್ನಾಗಿರುತ್ತೆ, ಸೇರಿಸು' ಅಂತ ಕೀಬೋರ್ಡಿನವನಿಗೆ ಸನ್ನೆ ಮಾಡಿದ್ದು ನಾನೇ. ಈಗ ಅಜ್ಜಿಯ ದನಿ ಉಳಿದಿರೋದು ಆ ವಿಡಿಯೋದಲ್ಲಿ ಮಾತ್ರ.

ಕೀಬೋರ್ಡ್ ಮಾತ್ರ ತುಂಬಾ ಚೆನ್ನಾಗಿ ಕೇಳಿಸುತ್ತೆ.