ಗಂಡು ಪರಂಗಿಗೆ ಮೊಳೆ ಹೊಡೆದ್ರೆ ಹೆಣ್ಣಾಗಲ್ಲ

ಮಂಡ್ಯ, ಶ್ರೀರಂಗಪಟ್ಟಣ ಕಡೆ ರೈತರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಾ ಇದೆ, ಗಂಡು ಪರಂಗಿ ಗಿಡಕ್ಕೆ ಕಬ್ಬಿಣದ ಮೊಳೆ ಹೊಡೆದ್ರೆ ಹೆಣ್ಣಾಗಿ ಕಾಯಿ ಬಿಡುತ್ತೆ ಅಂತ. ದಯವಿಟ್ಟು ನಂಬಬೇಡಿ, ಗಾಯ ಆಗಿ ಕಾಂಡ ಕೊಳೆಯೋ ಅಪಾಯ ಇದೆ.

ಪರಂಗಿ ಗಂಡೋ ಹೆಣ್ಣೋ ಅನ್ನೋದು ಬೀಜದಲ್ಲೇ ತೀರ್ಮಾನ ಆಗೋಗಿರುತ್ತೆ. ನಮಗಿರೋ ಥರಾನೇ ಅದಕ್ಕೂ ಎಕ್ಸ್, ವೈ ಕ್ರೋಮೋಸೋಮ್ (ಜೀವಕೋಶದೊಳಗೆ ವಂಶಗುಣ ಹೊತ್ತಿರೋ ಎಳೆ) ಇದೆ, ಎರಡು ಎಕ್ಸ್ ಇದ್ರೆ ಹೆಣ್ಣು, ಎಕ್ಸ್ ಜೊತೆ ವೈ ಇದ್ರೆ ಗಂಡು, ಆ ವೈನದೇ ಸ್ವಲ್ಪ ಬೇರೆ ರೂಪ ಇದ್ರೆ ದ್ವಿಲಿಂಗಿ, ಅಂದ್ರೆ ಒಂದೇ ಹೂವಲ್ಲಿ ಎರಡೂ. ಮಾರ್ಕೆಟ್ಟಲ್ಲಿ ಕಾಣೋ ಉದ್ದನೆ ಹಣ್ಣು ಈ ದ್ವಿಲಿಂಗಿ ಗಿಡದ್ದು. ಅದರದೇ ಪರಾಗದಿಂದ ಕಟ್ಟಿದ ಬೀಜ ಹಾಕಿದ್ರೆ ಸುಮಾರು ಎರಡು ಪಾಲು ದ್ವಿಲಿಂಗಿ, ಒಂದು ಪಾಲು ಹೆಣ್ಣು ಬರುತ್ತೆ, ಗಂಡು ಬರೋದೇ ಇಲ್ಲ.

"ಮೊಳೆ ಹೊಡೆದ್ಮೇಲೆ ನಮ್ಮ ಗಿಡ ಕಾಯಿ ಬಿಡ್ತಲ್ಲ" ಅಂತಾರೆ, ಅವರು ಸುಳ್ಳು ಹೇಳ್ತಿಲ್ಲ, ಬಿಸಿಲು ಚಳಿ ಏರುಪೇರಾದಾಗ ಕೆಲವು ಗಂಡು ಗಿಡಗಳು ಮೊಳೆ ಇಲ್ದೇನೇ ಜೋತುಬಿದ್ದ ಗೊಂಚಲಲ್ಲಿ ಒಂದೆರಡು ಕಾಯಿ ಕಟ್ಟುತ್ವೆ, ಕ್ರೋಮೋಸೋಮ್ ಮಾತ್ರ ಹಾಗೇ ಇರುತ್ತೆ.

ಬೇರು ನೋಡಿ ಇದು ಗಂಡು, ಇದು ಹೆಣ್ಣು ಅಂತ ಸಸಿ ಆರಿಸೋದೂ ಬೇಡ, ಎಳೇ ಸಸೀಲಿ ಅದು ಯಾವುದು ಅಂತ ಡಿಎನ್ಎ ಟೆಸ್ಟಿಗೆ ಮಾತ್ರ ಗೊತ್ತಾಗೋದು. ಗುಂಡಿಗೆ ಎರಡು ಮೂರು ಸಸಿ ನೆಟ್ಟು, ಹೂವು ಬಂದ್ಮೇಲೆ ಬೇಕಾದ್ದು ಒಂದು ಉಳಿಸ್ಕೊಳ್ಳಿ.